ಕವಾಟದ ನಾದವೂ ನೆರೆಮನೆಯ ನಿದ್ರೆಯೂ

ಕಳೆದ ಶ್ರಾವಣದಲ್ಲಿ ವಿದ್ಯಾರ್ಥಿಯೊಬ್ಬನು ಪಾಠ ಮುಗಿದ ಮೇಲೆ ನನ್ನ ಮೇಜಿನ ಬಳಿಗೆ ಬಂದು ನಿಂತನು. ಅವನ ಊರು ಹಾಸನದಿಂದ ಬೆಂಗಳೂರಿಗೆ ಹೋಗುವ ಹೆದ್ದಾರಿಯ ಮೇಲಿರುವ ಶಾಂತಿಗ್ರಾಮ. ಗಿಟಾರ್ ಎಂದರೆ ಅವನಿಗೆ ಊಟ ನಿದ್ರೆಗಳ ಪರಿವೆಯಿಲ್ಲ. ಬೆಂಗಳೂರಿನಲ್ಲಿ ಯಾರೋ ಮಾರಿದ 15 ವಾಟ್ ಸಾಮರ್ಥ್ಯದ ಹಳೆಯ ಕವಾಟ ವರ್ಧಕವೊಂದನ್ನು ಕೊಂಡು ತಂದಿದ್ದನು.

“ಸಾರ್, ಸಣ್ಣಗೆ ಇಟ್ಟರೆ ಅದರಲ್ಲಿ ಸತ್ವವೇ ಇರುವುದಿಲ್ಲ. ಪೂರ್ತಿ ತಿರುಗಿಸಿದರೆ ಮಾತ್ರ ಆ ನಾದ ಬರುತ್ತದೆ. ಆದರೆ ನಮ್ಮದು ಹೆಂಚಿನ ಮನೆ. ಪಕ್ಕದ ಮನೆಗೂ ನಮಗೂ ಒಂದೇ ಗೋಡೆ. ಆ ಮನೆಯ ಅಜ್ಜಿಗೆ ಮೈ ಸರಿಯಿಲ್ಲ. ಸ್ಪೀಕರಿನ ತಂತಿ ಕಿತ್ತುಬಿಟ್ಟು, ವರ್ಧಕವನ್ನು ಪೂರ್ತಿ ತಿರುಗಿಸಿ, ನೇರವಾಗಿ ಕಂಪ್ಯೂಟರಿಗೆ ರೆಕಾರ್ಡ್ ಮಾಡಿಕೊಂಡರೆ ಆಗುವುದಿಲ್ಲವೆ?” ಎಂದು ಕೇಳಿದನು.

“ಖಂಡಿತ ಬೇಡ. ಮನೆಗೆ ಹೋದೊಡನೆ ಮೊದಲು ಅದರ ಪ್ಲಗ್ಗನ್ನು ಕಿತ್ತಿಡು” ಎಂದೆ. ಹಾಗೇಕೆ ಹೇಳಬೇಕಾಯಿತೆಂಬುದನ್ನು ವಿವರಿಸುವುದರಲ್ಲಿ ಒಂದು ವಾರದ ಸಂಜೆಗಳು ಕಳೆದುವು. ಆ ಮಾತುಕತೆಯ ಸಾರವನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಕವಾಟವೆಂದರೆ ಗಾಳಿಯನ್ನು ತೆಗೆದುಹಾಕಿದ ಗಾಜಿನ ಬುರುಡೆ. ಅದರೊಳಗೆ ಕಾದು ಕೆಂಪಗಾದ ಕ್ಯಾಥೋಡಿನಿಂದ ಎಲೆಕ್ಟ್ರಾನುಗಳು ಹೊರಹೊಮ್ಮಿ, ಧನವಿದ್ಯುತ್ತಿನ ಆನೋಡಿನ ಕಡೆಗೆ ಹರಿಯುವುವು. 1904ರಲ್ಲಿ ಇಂಗ್ಲೆಂಡಿನ ಫ್ಲೆಮಿಂಗ್ ಇಂಥ ಎರಡೇ ಅಂಗಗಳುಳ್ಳ ಕವಾಟವನ್ನು ರಚಿಸಿದನು. 1906ರಲ್ಲಿ ಅಮೆರಿಕದ ಲೀ ಡಿ ಫಾರೆಸ್ಟನು ಅವೆರಡರ ನಡುವೆ ಮೂರನೆಯದೊಂದನ್ನು ಇಟ್ಟನು. ಗ್ರಿಡ್ ಎಂಬ ಈ ತಂತಿಯ ಜಾಲರಿಯು ನಮ್ಮ ಕೆರೆಗಳ ತೂಬಿನ ಹಲಗೆಯಿದ್ದಂತೆ. ಹಲಗೆಯನ್ನು ಒಂದಿಷ್ಟು ಎತ್ತಿದರೆ ಸಾಕು, ಅದರ ಹಿಂದಿನ ಮಹಾಜಲವೇ ಹರಿಯುತ್ತದೆ. ಗಿಟಾರಿನ ತಂತಿಯು ತನ್ನ ಕೆಳಗಿನ ಕಾಂತಸುರುಳಿಯಲ್ಲಿ ಉಂಟುಮಾಡುವ ವಿದ್ಯುತ್ತು ಒಂದು ವೋಲ್ಟಿನ ಕೆಲವು ಭಾಗ ಮಾತ್ರ. ಅದು ಗ್ರಿಡ್ಡಿನ ಮೇಲೆ ಆಡಿದಂತೆ, ಇನ್ನೂರು ಮುನ್ನೂರು ವೋಲ್ಟಿನ ಆನೋಡಿನ ಪ್ರವಾಹವು ಹೆಚ್ಚು ಕಡಿಮೆಯಾಗುತ್ತದೆ.

ಇಂಥ ಕವಾಟಗಳು ನಮ್ಮ ನಾಡಿನಲ್ಲಿಯೇ ತಯಾರಾಗುತ್ತಿದ್ದ ಕಾಲವೊಂದಿತ್ತು. ಬೆಂಗಳೂರಿನ ಜಾಲಹಳ್ಳಿಯಲ್ಲಿ 1954ರಲ್ಲಿ ಸ್ಥಾಪಿತವಾದ ಭಾರತ್ ಎಲೆಕ್ಟ್ರಾನಿಕ್ಸ್ ಕಾರ್ಖಾನೆಯು 1960ರ ದಶಕದಲ್ಲಿ ರೇಡಿಯೋ ಕವಾಟಗಳನ್ನು ತಯಾರಿಸಿ ದೇಶಕ್ಕೆಲ್ಲ ಒದಗಿಸುತ್ತಿತ್ತು. ಅಲ್ಲಿಂದ ಬಂದ ಇಎಲ್ 84 ಎಂಬ ಕವಾಟ ನಮ್ಮ ತಾತಂದಿರ ರೇಡಿಯೋಗಳಲ್ಲಿತ್ತು. ಅದೇ ಹೆಸರಿನ ಕವಾಟದ ಜೋಡಿಯೊಂದು 1958ರಲ್ಲಿ ಇಂಗ್ಲೆಂಡಿನಲ್ಲಿ ಹೊರಬಂದ ವಾಕ್ಸ್ ಎಸಿ 15 ಗಿಟಾರ್ ವರ್ಧಕದಲ್ಲಿಯೂ ಇತ್ತು. ಜಾಲಹಳ್ಳಿಯಲ್ಲಿ ಆ ತಯಾರಿಕೆ ನಿಂತು ಬಹುಕಾಲವಾಯಿತು. ಈಗ ಹೊಸ ಕವಾಟ ಬೇಕಾದವರು ಸ್ಲೊವಾಕಿಯ, ರಷ್ಯ, ಚೀನಗಳ ಕಡೆಗೆ ನೋಡಬೇಕು.

ಇನ್ನು ನಾದದ ಮರ್ಮಕ್ಕೆ ಬರೋಣ. ತೂಬಿನ ಹಲಗೆಯನ್ನು ಪೂರ್ತಿ ಮುಚ್ಚಿದ ಮೇಲೆ ಇನ್ನೂ ಒತ್ತಿದರೆ ನೀರು ಸೊನ್ನೆಗಿಂತ ಕಡಿಮೆಯಾಗದು; ಪೂರ್ತಿ ಎತ್ತಿದ ಮೇಲೆ ಇನ್ನೂ ಎತ್ತಿದರೆ ಹೆಚ್ಚಾಗದು. ಕವಾಟವೂ ಹಾಗೆಯೇ. ಸಣ್ಣ ತರಂಗವನ್ನು ಅದು ಇದ್ದ ರೂಪದಲ್ಲಿಯೇ ಹಿಗ್ಗಿಸುವುದು. ದೊಡ್ಡ ತರಂಗ ಬಂದಾಗ ಅದರ ತುದಿಗಳು ಬಾಗಿ ದುಂಡಗಾಗುವುವು. ಮೊಟಕಾದ ಈ ರೂಪವನ್ನು ಫೂರಿಯೇನ ವಿಧಾನದಿಂದ ವಿಭಜಿಸಿ ನೋಡಿದರೆ, ಮೂಲದಲ್ಲಿಲ್ಲದ ಮೇಲ್ಸ್ವರಗಳು ಕಾಣುತ್ತವೆ. ಗಿಟಾರಿನ ಐದನೆಯ ತಂತಿ ಸೆಕೆಂಡಿಗೆ 110 ಸಲ ಕಂಪಿಸುವುದಷ್ಟೆ. ಅದರ ಎರಡರಷ್ಟು, ಮೂರರಷ್ಟು, ನಾಲ್ಕರಷ್ಟು ಕಂಪನಗಳು, ಅಂದರೆ 220, 330, 440, ಹೀಗೆ ಒಂದರ ಮೇಲೊಂದು ಬಲಗೊಳ್ಳುತ್ತವೆ. ತರಂಗದ ಒಂದೇ ಪಕ್ಕ ಬಾಗಿದರೆ ಎರಡರಷ್ಟಿನ ಸ್ವರ, ಅಂದರೆ ಮೇಲಿನ ಷಡ್ಜ, ಪ್ರಬಲವಾಗುವುದು. ಎರಡು ಪಕ್ಕವೂ ಸಮವಾಗಿ ಬಾಗಿದರೆ ಮೂರರಷ್ಟರ ಪಂಚಮ, ಐದರಷ್ಟರ ಗಾಂಧಾರ.

ಸಂಗೀತ ಬಲ್ಲ ವಾಚಕರಿಗೆ ಇಲ್ಲಿ ತಂಬೂರಿಯ ನೆನಪಾಗದಿರದು. ಕುದುರೆಯ ಮೇಲೆ, ತಂತಿಯ ಕೆಳಗೆ, ಜೀವವೆಂದು ಕರೆಯುವ ನೂಲಿನ ಎಳೆಯನ್ನು ಸರಿಸಿದಾಗ ತಂಬೂರಿ ಒಮ್ಮೆಲೆ ಮಾತನಾಡತೊಡಗುತ್ತದೆ. ಕಂಪಿಸುವ ತಂತಿ ಕುದುರೆಯ ಬಾಗಿದ ಮೈಯನ್ನು ಮುಟ್ಟಿ ಮುಟ್ಟಿ ಬಿಡುವುದರಿಂದ ಅಲ್ಲಿಯೂ ಮೇಲ್ಸ್ವರಗಳು ಹುಟ್ಟುತ್ತವೆ. ಸಿ. ವಿ. ರಾಮನ್ನರು 1921ರಲ್ಲಿ ಇದನ್ನು ಕುರಿತು ಬರೆದರು. ಕವಾಟಕ್ಕೂ ಜೀವದ ನೂಲಿಗೂ ರಚನೆಯಲ್ಲಿ ಸಂಬಂಧವಿಲ್ಲ. ಆದರೆ ಎರಡರಲ್ಲಿಯೂ ನಾದವನ್ನು ಸಮೃದ್ಧಗೊಳಿಸುವುದು ಒಂದೇ: ಕಾರಣವು ಎಷ್ಟು ಹೆಚ್ಚಿತೋ ಅಷ್ಟೇ ಕಾರ್ಯವೂ ಹೆಚ್ಚಬೇಕೆಂಬ ನೇರ ನಿಯಮದ ಭಂಗ.

ಈ ಭಂಗದಿಂದ ಇನ್ನೊಂದು ಪರಿಣಾಮವೂ ಉಂಟು. ಎರಡು ಸ್ವರಗಳನ್ನು ಒಟ್ಟಿಗೆ ಬಾರಿಸಿದಾಗ ಅವುಗಳ ಮೊತ್ತದ ಮತ್ತು ವ್ಯತ್ಯಾಸದ ಕಂಪನಗಳೂ ಹುಟ್ಟುತ್ತವೆ. ಷಡ್ಜ 110, ಪಂಚಮ 165 ಎಂದಿಟ್ಟುಕೊಳ್ಳಿ. ವ್ಯತ್ಯಾಸ 55, ಅದು ಕೆಳಗಿನ ಷಡ್ಜವೇ ಆಗಿದೆ. ಆದುದರಿಂದ ಸ-ಪ ಜೋಡಿ ಎಷ್ಟು ಬಾಗಿದರೂ ಗಂಭೀರವಾಗಿ ಕೇಳುವುದು. ಇತರ ಸ್ವರಗಳನ್ನು ಕೂಡಿಸಿದರೆ ಅದೇ ಕಾರಣದಿಂದ ಕಲಸುಮೇಲೋಗರವಾಗುವುದು. ರಾಕ್ ಸಂಗೀತದ ಗಿಟಾರ್ ವಾದಕರು ಸ-ಪ ಜೋಡಿಯನ್ನೇ ಮತ್ತೆ ಮತ್ತೆ ಹಿಡಿಯುವುದರ ಹಿಂದೆ ಈ ಗಣಿತವಿದೆ.

ಹಾಸನದವರಿಗೆ ಇಲ್ಲೊಂದು ವಿನೋದ. ಊರಿನ ಸಾಲಗಾಮೆ ರಸ್ತೆಯಲ್ಲಿ, 1982ರಿಂದ ನಡೆಯುತ್ತಿರುವ ಉಪಗ್ರಹ ನಿಯಂತ್ರಣ ಕೇಂದ್ರವಿದೆಯಷ್ಟೆ. ಸಂಪರ್ಕ ಉಪಗ್ರಹಗಳಲ್ಲಿ ಭೂಮಿಗೆ ಸಂಕೇತ ಕಳುಹಿಸಲು ಇಂದಿಗೂ ಒಂದು ಬಗೆಯ ನಿರ್ವಾತ ಕವಾಟವನ್ನು ಬಳಸುತ್ತಾರೆ. ಅದೂ ಮಿತಿಮೀರಿ ದುಡಿಸಿದರೆ ತರಂಗವನ್ನು ಬಾಗಿಸುವುದು. ಹಲವು ಸಂಕೇತಗಳು ಒಟ್ಟಿಗೆ ಹೋಗುವಾಗ ಮೇಲೆ ಹೇಳಿದ ಮೊತ್ತ-ವ್ಯತ್ಯಾಸಗಳು ಹುಟ್ಟಿ ಒಂದರ ಮೇಲೊಂದು ಬೀಳಬಾರದೆಂದು ಎಂಜಿನಿಯರರು ಕವಾಟವನ್ನು ಅದರ ಪೂರ್ಣ ಶಕ್ತಿಗಿಂತ ಬೇಕೆಂದೇ ಕೆಳಗಿಡುತ್ತಾರೆ. ಅಲ್ಲಿ ದೋಷವೆಂದು ತಪ್ಪಿಸುವುದನ್ನೇ ಇಲ್ಲಿ ನಮ್ಮ ಹುಡುಗ ಹಣ ಕೊಟ್ಟು ಕೊಂಡು ತಂದಿದ್ದನು!

“ಹಾಗಾದರೆ 15 ವಾಟಿನ ಬದಲು 1 ವಾಟಿನ ವರ್ಧಕ ತಂದರೆ ಗಲಾಟೆ ಹದಿನೈದನೆಯ ಒಂದು ಪಾಲಾಗುವುದಲ್ಲವೆ?” ಎಂಬುದು ಅವನ ಮುಂದಿನ ಪ್ರಶ್ನೆ. ಆಗುವುದಿಲ್ಲ. ಗಿಟಾರಿನ ಸ್ಪೀಕರುಗಳು ಬಹು ಚುರುಕು. ಒಂದು ವಾಟ್ ಕೊಟ್ಟರೆ ಒಂದು ಮೀಟರ್ ದೂರದಲ್ಲಿ ಸುಮಾರು 98 ಡೆಸಿಬೆಲ್ ಸದ್ದು ಮಾಡುತ್ತವೆ. ಹದಿನೈದು ವಾಟಿಗೆ ಅದು 110. ಶಕ್ತಿಯು ಹತ್ತನೆಯ ಒಂದು ಪಾಲಾದರೆ ಇಳಿಯುವುದು 10 ಡೆಸಿಬೆಲ್ ಮಾತ್ರ, ಕಿವಿಗೆ ಅದು ಅರ್ಧದಷ್ಟಾದಂತೆ ತೋರುವುದು. ಎಂದರೆ 15 ವಾಟಿನಿಂದ 1 ವಾಟಿಗೆ ಇಳಿದರೆ ಗಲಾಟೆ ಅರ್ಧವಾಯಿತು, ಅಷ್ಟೇ. ಸಾಧಾರಣ ಮಾತುಕತೆಗಿಂತ ಸ್ವಲ್ಪ ಮೇಲಿನ 70 ಡೆಸಿಬೆಲ್ಲಿಗೆ ತರಬೇಕಾದರೆ 110ರಿಂದ 40 ಇಳಿಯಬೇಕು. ಶಕ್ತಿ ಹತ್ತು ಸಾವಿರದ ಒಂದು ಪಾಲಾಗಬೇಕು. ಅದು ಒಂದೂವರೆ ಮಿಲಿವಾಟ್! ವಸತಿಪ್ರದೇಶಗಳಲ್ಲಿ ರಾತ್ರಿ ಹತ್ತರಿಂದ ಬೆಳಗ್ಗೆ ಆರರವರೆಗೆ ಸದ್ದು 45 ಡೆಸಿಬೆಲ್ ಮೀರಬಾರದೆಂದು 2000ದ ಶಬ್ದಮಾಲಿನ್ಯ ನಿಯಮಗಳು ಹೇಳುತ್ತವೆ ಎಂಬುದನ್ನೂ ನೆನಪಿಡಬೇಕು.

ಗೋಡೆಗೆ ಕಂಬಳಿ ತೂಗುಹಾಕುವುದೂ ಪ್ರಯೋಜನವಿಲ್ಲ. ಕಂಬಳಿಯು ಕೋಣೆಯೊಳಗಿನ ಪ್ರತಿಧ್ವನಿಯನ್ನು ಹೀರುವುದು. ಸದ್ದು ಹೊರಗೆ ಹೋಗುವುದನ್ನು ತಡೆಯದು. ತಡೆಯಲು ಬೇಕಾದುದು ತೂಕ, ಮತ್ತು ಸಂದಿಯಿಲ್ಲದಿರುವಿಕೆ. ಗೋಡೆಯ ವಿಸ್ತಾರದ ನೂರನೆಯ ಒಂದು ಪಾಲಿನಷ್ಟು ತೆರಪಿದ್ದರೆ, ಉಳಿದುದು ಕಗ್ಗಲ್ಲೇ ಆಗಿದ್ದರೂ ತಡೆ 20 ಡೆಸಿಬೆಲ್ಲನ್ನು ದಾಟದು. ಹೆಂಚಿಗೂ ಗೋಡೆಯ ತಲೆಗೂ ನಡುವೆ ಬೆಳಕು ಕಾಣುವ ಮನೆಗಳಲ್ಲಿ ಇದರ ಅರ್ಥವೇನೆಂದು ಹೇಳಬೇಕಾಗಿಲ್ಲ.

ಆದುದರಿಂದ ಉಳಿದ ದಾರಿ ಒಂದೇ: ಕವಾಟವು ಪೂರ್ತಿ ದುಡಿಯಲಿ, ಆದರೆ ಅದರ ದುಡಿಮೆ ಗಾಳಿಗೆ ಹೋಗದಿರಲಿ. ಹುಡುಗನ ಆಲೋಚನೆಯೂ ಇದೇ. ಅವನು ತಪ್ಪಿದ್ದು ತಂತಿ ಕಿತ್ತು ಬರಿದೇ ಬಿಡುವುದರಲ್ಲಿ. ಕವಾಟಕ್ಕೂ ಸ್ಪೀಕರಿಗೂ ನಡುವೆ ಟ್ರಾನ್ಸ್‌ಫಾರ್ಮರ್ ಇರುವುದು. ಅದರ ಸುರುಳಿಯಲ್ಲಿ ಹರಿಯುವ ಪ್ರವಾಹವನ್ನು ಕವಾಟ ಥಟ್ಟನೆ ತಡೆದಾಗ, ಕಾಂತಕ್ಷೇತ್ರದಲ್ಲಿ ಅಡಗಿದ ಶಕ್ತಿಗೆ ಹೋಗಲು ಸ್ಪೀಕರಿಲ್ಲದಿದ್ದರೆ, ಸಾವಿರಾರು ವೋಲ್ಟಿನ ಒತ್ತಡವೆದ್ದು ಸುರುಳಿಯ ಹೊದಿಕೆಯನ್ನು ಸೀಳಬಹುದು. ವಿದ್ಯಾರ್ಥಿಯಾಗಿದ್ದಾಗ ಅಟ್ಟದ ಮೇಲೆ ಬಿದ್ದಿದ್ದ ಹಳೆಯ ಮೈಕ್ ಸೆಟ್ಟೊಂದನ್ನು ನಾನೇ ಹೀಗೆ ಸ್ಪೀಕರಿಲ್ಲದೆ ಚಾಲೂ ಮಾಡಿ ಸುಟ್ಟಿದ್ದೇನೆ. ಆ ವಾಸನೆ ಇನ್ನೂ ಮೂಗಿನಲ್ಲಿದೆ. ಪ್ಲಗ್ ಕಿತ್ತ ಮೇಲೂ ಇಂಥ ಯಂತ್ರದ ಕೆಪಾಸಿಟರುಗಳಲ್ಲಿ ಮುನ್ನೂರು ನಾನೂರು ವೋಲ್ಟ್ ನಿಂತಿರಬಹುದೆಂಬುದು ಆಗ ನನಗೆ ತಿಳಿದಿರಲಿಲ್ಲ. ಬದುಕಿದುದು ಅದೃಷ್ಟ. ಯಾವ ವಿದ್ಯಾರ್ಥಿಯೂ ಕವಾಟ ವರ್ಧಕದ ಪೆಟ್ಟಿಗೆಯನ್ನು ತಾನಾಗಿ ಬಿಚ್ಚಬಾರದು.

ಸ್ಪೀಕರಿನ ಸ್ಥಾನದಲ್ಲಿ ಅದಕ್ಕೆ ಸಮಾನವಾದ ಭಾರವೊಂದನ್ನು ಜೋಡಿಸಬೇಕು. 8 ಓಮಿನ ಗಟ್ಟಿ ರೋಧಕವಿದ್ದರೆ ವರ್ಧಕವು ಸುರಕ್ಷಿತ, ಶಕ್ತಿಯೆಲ್ಲ ಶಾಖವಾಗುವುದು. ಬಾಗಿದ ತರಂಗದಲ್ಲಿ ಶಕ್ತಿ ಹೆಚ್ಚಿರುವುದರಿಂದ 15 ವಾಟಿಗೆ 50 ವಾಟಿನ ರೋಧಕ ಬೇಕು. ಆದರೆ ನಾದ ಸಪ್ಪೆಯಾಗುವುದು. ಸ್ಪೀಕರಿನ ಮೇಲೆ 8 ಓಮ್ ಎಂದು ಬರೆದಿದ್ದರೂ ಅದು ಎಲ್ಲ ಕಂಪನಗಳಿಗೂ 8 ಓಮ್ ಅಲ್ಲ. ಅದರ ಸಹಜ ಅನುರಣನವಿರುವ ನೂರು ಕಂಪನಗಳ ಆಸುಪಾಸಿನಲ್ಲಿ ಹಲವು ಪಟ್ಟು ಏರಿ, ಮತ್ತೆ ಇಳಿದು, ಸಾವಿರದ ಮೇಲೆ ಮೆಲ್ಲಗೆ ಏರುತ್ತದೆ. ಇಎಲ್ 84ರಂಥ ಕವಾಟದ ಆಂತರಿಕ ರೋಧ ಹೆಚ್ಚಾದ ಕಾರಣ, ಭಾರವು ಎಲ್ಲಿ ಏರುವುದೋ ಅಲ್ಲಿ ವೋಲ್ಟೇಜೂ ಏರುವುದು. ಸುರುಳಿ ಮತ್ತು ಕೆಪಾಸಿಟರುಗಳನ್ನು ಕೂಡಿಸಿ ಈ ಏರಿಳಿತವನ್ನು ಅನುಕರಿಸುವ ಭಾರದ ಪೆಟ್ಟಿಗೆಗಳು ಈಗ ದೊರೆಯುತ್ತವೆ. ಅವುಗಳಿಂದ ಅಲ್ಪಾಂಶವನ್ನು ಮಾತ್ರ ಕಂಪ್ಯೂಟರಿಗೆ ಕೊಡಬೇಕು; 8 ಓಮಿನಲ್ಲಿ 15 ವಾಟ್ ಎಂದರೆ 11 ವೋಲ್ಟ್, ಮೈಕಿನ ದ್ವಾರಕ್ಕೆ ಅದನ್ನು ನೇರ ಕೊಟ್ಟರೆ ಕೆಡುವುದು ಖಂಡಿತ.

ಇಷ್ಟು ಮಾಡಿ ಕೇಳಿದ ಹುಡುಗನು ಮರುದಿನ ಮುಖ ಸಣ್ಣದು ಮಾಡಿಕೊಂಡು ಬಂದನು. “ಡಬ್ಬಿಯೊಳಗೆ ಜೀರುಂಡೆ ಕೂಗಿದ ಹಾಗಿದೆ ಸಾರ್.” ಇರಲೇಬೇಕು. ಹನ್ನೆರಡು ಅಂಗುಲದ ಕಾಗದದ ಶಂಕುವು ಸೆಕೆಂಡಿಗೆ 5,000 ಕಂಪನಗಳಿಂದ ಮೇಲಿನದನ್ನು ಬಹುಮಟ್ಟಿಗೆ ನುಂಗಿಬಿಡುವುದು. ಕವಾಟ ಹುಟ್ಟಿಸಿದ ಕರ್ಕಶ ಮೇಲ್ಸ್ವರಗಳನ್ನು ಸೋಸುವ ಜರಡಿ ಅದೇ. ಸ್ಪೀಕರನ್ನು ಬಿಟ್ಟವನು ಜರಡಿಯನ್ನೂ ಬಿಟ್ಟಂತಾಯಿತು.

ಸಂತೋಷದ ಸಂಗತಿಯೆಂದರೆ, ಈ ಜರಡಿಯನ್ನು ಗಣಿತದಿಂದ ಪಡೆಯಬಹುದು. ದೇವಾಲಯದ ನವರಂಗದಲ್ಲಿ ನಿಂತು ಒಮ್ಮೆ ಚಪ್ಪಾಳೆ ತಟ್ಟಿ, ಬಂದ ಮೊಳಗನ್ನೆಲ್ಲ ರೆಕಾರ್ಡ್ ಮಾಡಿದಿರೆಂದು ಭಾವಿಸಿ. ಯಾವುದೇ ಸಂಗೀತವೂ ಸೆಕೆಂಡಿಗೆ 48,000 ಚಿಕ್ಕದೊಡ್ಡ ಚಪ್ಪಾಳೆಗಳ ಸಾಲು. ಒಂದೊಂದಕ್ಕೂ ಅದರ ಗಾತ್ರಕ್ಕೆ ತಕ್ಕ ಮೊಳಗನ್ನಿಟ್ಟು ಎಲ್ಲವನ್ನೂ ಕೂಡಿದರೆ, ಆ ಸಂಗೀತ ನವರಂಗದಲ್ಲಿ ಹೇಗೆ ಕೇಳುವುದೋ ಹಾಗೆ ಕೇಳುವುದು. ಸ್ಪೀಕರು ಮತ್ತು ಮೈಕಿನ ಮೊಳಗನ್ನೂ ಹೀಗೆ ಒಂದು ಸಲ ಸೆರೆಹಿಡಿದು ಕಂಪ್ಯೂಟರಿಗೆ ಕೊಡಬಹುದು. ಕವಾಟವನ್ನೂ ಹೀಗೆಯೇ ಸೆರೆಹಿಡಿಯಬಾರದೇಕೆ? ಕೂಡಿಸುವ ಈ ಉಪಾಯವು ನೇರ ನಿಯಮವನ್ನು ಪಾಲಿಸುವ ವಸ್ತುಗಳಿಗೆ ಮಾತ್ರ ಸಲ್ಲುವುದು. ಸ್ಪೀಕರು ಬಹುಮಟ್ಟಿಗೆ ಪಾಲಿಸುವುದು. ಕವಾಟದ ಮಹಿಮೆಯೇ ಪಾಲಿಸದಿರುವುದರಲ್ಲಿದೆ. ಕವಾಟವನ್ನು ಅನುಕರಿಸಲು ಅದರ ಸಮೀಕರಣಗಳನ್ನು ಕ್ಷಣಕ್ಷಣಕ್ಕೂ ಬಿಡಿಸಬೇಕು, ಇಲ್ಲವೆ ನಿಜವಾದ ವರ್ಧಕದ ಒಳಬಂದ ಹೊರಹೋದ ತರಂಗಗಳೆರಡನ್ನೂ ಕೊಟ್ಟು ಕಂಪ್ಯೂಟರಿಗೆ ಕಲಿಸಬೇಕು. ಎರಡೂ ಈಗ ನಡೆಯುತ್ತಿವೆ. ಕಣ್ಣುಮುಚ್ಚಿ ಕೇಳಿದರೆ ನನಗಂತೂ ಭೇದ ತಿಳಿಯದು. ವರ್ಧಕ ಕೊಳ್ಳದಿರುವವರು ಆ ದಾರಿ ಹಿಡಿಯುವುದೇ ಲೇಸೆಂದು ನನ್ನ ಅಭಿಪ್ರಾಯ.

ಕೊನೆಗೊಂದು ಮೋಸ ನಮ್ಮ ಕಿವಿಯದೇ. ಸದ್ದು ಕಡಿಮೆಯಾದಂತೆ ಕಿವಿಗೆ ಮಂದ್ರಸ್ವರಗಳು ಇತರವುಗಳಿಗಿಂತ ಬೇಗ ಮರೆಯಾಗುತ್ತವೆಂದು 1933ರಲ್ಲಿ ಫ್ಲೆಚರ್ ಮತ್ತು ಮನ್ಸನ್ ಅಳೆದು ತೋರಿಸಿದರು. ತೀರ ಮೆಲ್ಲಗೆ ಕೇಳುತ್ತ ಮಂದ್ರವನ್ನು ಏರಿಸುತ್ತ ಹೋದರೆ, ಅದೇ ರೆಕಾರ್ಡು ಬೇರೆಯವರ ಮನೆಯಲ್ಲಿ ಗುಡುಗುವುದು.

ಹುಡುಗನು ಈಗ ರಾತ್ರಿ ಹನ್ನೊಂದಕ್ಕೂ ರೆಕಾರ್ಡ್ ಮಾಡುತ್ತಾನೆ. ಕವಾಟಗಳು ಕೆಂಪಗೆ ಉರಿಯುತ್ತವೆ, ಭಾರದ ಪೆಟ್ಟಿಗೆ ಬೆಚ್ಚಗಾಗುತ್ತದೆ, ಕೋಣೆಯಲ್ಲಿ ಕೇಳುವುದು ತಂತಿಯ ಟಿಣ್ ಟಿಣ್ ಮಾತ್ರ. ಒಂದೇ ದೂರು ಉಳಿದಿದೆ. ಸ್ಪೀಕರಿನ ಸದ್ದು ಗಾಳಿಯಲ್ಲಿ ಬಂದು ತಂತಿಯನ್ನೇ ಮತ್ತೆ ಕಂಪಿಸಿ, ಒಂದು ಸ್ವರವನ್ನು ಬೇಕಾದಷ್ಟು ಹೊತ್ತು ನಿಲ್ಲಿಸುವುದುಂಟು. ಗಾಳಿಯೇ ಅಲುಗದ ಕೋಣೆಯಲ್ಲಿ ಅದು ಸಾಧ್ಯವಿಲ್ಲ. ಅಂಥ ಸ್ವರ ಬೇಕಾದಾಗ ಅವನು ಅಜ್ಜಿಯನ್ನು ಕೇಳಿಕೊಂಡು, ಭಾನುವಾರ ಮಧ್ಯಾಹ್ನ ಅವರು ಮಗಳ ಮನೆಗೆ ಹೋದ ಹೊತ್ತಿನಲ್ಲಿ, ಕಾಲು ಗಂಟೆ ಸ್ಪೀಕರು ಜೋಡಿಸುತ್ತಾನೆ.