ಹಾವಿನ ಚೀಲ ಮತ್ತು 57ನೇ ಕಲಂ

ಎರಡು ತಲೆ ಹಾವಿಗೆ ವಿಷವಿಲ್ಲ, ಎರಡು ತಲೆಯೂ ಇಲ್ಲ. ಬಾಲ ಮೊಂಡಾಗಿರುವುದರಿಂದ ಹಾಗೆ ಕಾಣುತ್ತದೆ ಅಷ್ಟೇ. ಒಣನೆಲದ ಸಡಿಲ ಮಣ್ಣಿನಲ್ಲಿ ಹುದುಗಿದ್ದು ಇಲಿ ತಿಂದು ಬದುಕುವ ಈ ಹಾವು ತೊಗರಿ, ಜೋಳ ಬೆಳೆಯುವ ರೈತನಿಗೆ ಉಪಕಾರಿ. ಆದರೂ ಇದನ್ನು ಮನೆಯಲ್ಲಿಟ್ಟರೆ ನಿಧಿ ಸಿಗುತ್ತದೆ, ತೂಕ ಹೆಚ್ಚಿದಷ್ಟೂ ಲಕ್ಷಗಳು ಏರುತ್ತವೆ ಎಂಬ ಸುಳ್ಳು ಹಬ್ಬಿದೆ. ಕಲಬುರಗಿ ಜಿಲ್ಲೆಯ ನರೋಣಾದಂಥ ಮಳೆಯಾಶ್ರಿತ ಹೋಬಳಿಯಲ್ಲಿ ಒಂದು ವರ್ಷ ಬೆಳೆ ಕೈಕೊಟ್ಟರೆ ಸಾಲ ತಲೆಗೇರುತ್ತದೆ. ಅಂಥ ಹೊತ್ತಿನಲ್ಲಿ ಈ ಸುಳ್ಳು ಬಲು ಸುಲಭವಾಗಿ ನಾಟುತ್ತದೆ. ಹಾವನ್ನು ಮಾರಲು ಚೀಲದಲ್ಲಿ ಹೊತ್ತು ತಂದವನು ಸಿಕ್ಕಿಬೀಳುತ್ತಾನೆ. ಕೊಳ್ಳುತ್ತೇನೆಂದು ಫೋನ್ ಮಾಡಿದವನು ಬಹುಮಟ್ಟಿಗೆ ಸಿಗುವುದಿಲ್ಲ.

ವನ್ಯಪ್ರಾಣಿಯನ್ನು ಕೈಯಲ್ಲಿ ಇಟ್ಟುಕೊಂಡಿದ್ದೇ ಇಷ್ಟು ದೊಡ್ಡ ಅಪರಾಧವಾಗಿದ್ದು ಹೇಗೆ? ಬ್ರಿಟಿಷರ 1912ರ ಕಾಯ್ದೆ ಬಹುತೇಕ ಬೇಟೆಯ ಋತುವನ್ನಷ್ಟೇ ನಿಯಂತ್ರಿಸುತ್ತಿತ್ತು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ವ್ಯಾಪಾರದ ಮೇಲೂ ಕಣ್ಣಿಟ್ಟಿತು. ಆದರೂ ಲೈಸೆನ್ಸ್ ಪಡೆದ ಅಂಗಡಿಗಳಲ್ಲಿ ಹಳೆಯ ದಾಸ್ತಾನಿನ ಹೆಸರಿನಲ್ಲಿ ಹೊಸ ಚರ್ಮವನ್ನೂ ಮಾರಲು ದಾರಿ ಉಳಿದಿತ್ತು. 1986ರ ತಿದ್ದುಪಡಿ ಹುಲಿ, ಚಿರತೆಯಂಥ ಪ್ರಾಣಿಗಳ ಅಂಗಾಂಗ ವ್ಯಾಪಾರವನ್ನೇ ನಿಷೇಧಿಸಿತು. 1991ರಲ್ಲಿ ಬೇಟೆಯ ಪರವಾನಗಿಗಳೂ ಹೋದವು. 2023ರ ಏಪ್ರಿಲ್ 1ರಿಂದ ಜಾರಿಗೆ ಬಂದ ತಿದ್ದುಪಡಿ ದಂಡ ಹೆಚ್ಚಿಸಿತು. ಹೆಚ್ಚಿನ ರಕ್ಷಣೆಯಿರುವ ಮೊದಲ ಅನುಸೂಚಿಯ ಪ್ರಾಣಿಯಾದರೆ ಈಗ 3ರಿಂದ 7 ವರ್ಷ ಜೈಲು, ಕನಿಷ್ಠ 25,000 ರೂಪಾಯಿ ದಂಡ. ಅದೇ ವರ್ಷ ಅಕ್ಟೋಬರ್‌ನಲ್ಲಿ ಬಿಗ್ ಬಾಸ್ ಸ್ಪರ್ಧಿಯೊಬ್ಬರು ಹುಲಿ ಉಗುರಿನ ಪೆಂಡೆಂಟ್‌ಗಾಗಿ ಬಂಧನಕ್ಕೊಳಗಾದಾಗ, ಅಜ್ಜನ ಕಾಲದ ಉಗುರು ಇಟ್ಟುಕೊಂಡಿದ್ದ ಎಷ್ಟೋ ಮನೆಗಳಿಗೆ ಈ ಕಾನೂನು ಮೊದಲ ಬಾರಿಗೆ ತಟ್ಟಿತು.

ಈ ಕಾಯ್ದೆಯ ತಿರುಳು ಇರುವುದು 57ನೇ ಕಲಮಿನಲ್ಲಿ. ಪ್ರಾಣಿಯಾಗಲಿ ಅದರ ಅಂಗವಾಗಲಿ ಆರೋಪಿಯ ಸ್ವಾಧೀನದಲ್ಲಿತ್ತೆಂದು ಸಾಬೀತಾದರೆ, ಅದು ಅಕ್ರಮವೆಂದೇ ನ್ಯಾಯಾಲಯ ಭಾವಿಸುತ್ತದೆ. ಅಲ್ಲವೆಂದು ತೋರಿಸುವ ಹೊಣೆ ಆರೋಪಿಯದು. ಕಾಡಿನಲ್ಲಿ ನಡೆದ ಕೊಲೆಗೆ ಸಾಕ್ಷಿ ಹೇಳುವವರಿಲ್ಲ, ಆದ್ದರಿಂದ ಈ ಕಠಿಣತೆ ಬೇಕೆಂದೇ ನನ್ನ ನಂಬಿಕೆ. ಆದರೆ ನ್ಯಾಯಾಲಯ ಹಾಗೆ ಭಾವಿಸುವುದಕ್ಕೆ ಮೊದಲು ಸ್ವಾಧೀನವನ್ನು ಸಾಬೀತು ಮಾಡುವ ಕೆಲಸ ಸರ್ಕಾರದ್ದು. ಆರೋಪಿಯ ಪ್ರತಿವಾದಕ್ಕೆ ನೆಲೆ ಸಿಗುವುದು ಅಲ್ಲಿಯೇ. ಬೈಕಿನಲ್ಲಿ ಇಬ್ಬರಿದ್ದರೆ ಚೀಲ ಯಾರದು? ಒಳಗೇನಿದೆ ಎಂಬುದು ಹಿಂದೆ ಕೂತವನಿಗೆ ಗೊತ್ತಿತ್ತೆ? ಮಹಜರಿಗೆ ಸಹಿ ಹಾಕಿದ ಪಂಚರು ಸ್ಥಳದಲ್ಲೇ ಇದ್ದರೋ, ಆಮೇಲೆ ಕಚೇರಿಯಲ್ಲಿ ಸಹಿ ಹಾಕಿದರೋ? ವಶಪಡಿಸಿಕೊಂಡ ಮುದ್ದೆಮಾಲಿಗೆ ಮೊಹರು ಬಿದ್ದದ್ದು ಯಾವಾಗ? ಉಗುರು ಹುಲಿಯದೋ, ದನದ ಕೊಂಬಿನಲ್ಲಿ ಕೆತ್ತಿದ್ದೋ? ಅದನ್ನು ಪ್ರಯೋಗಾಲಯವೇ ಹೇಳಬೇಕು. ನ್ಯಾಯಾಲಯ ಪ್ರಕರಣವನ್ನು ವಿಚಾರಣೆಗೆ ತೆಗೆದುಕೊಳ್ಳಲು 55ನೇ ಕಲಂ ಪ್ರಕಾರ ಅಧಿಕಾರವುಳ್ಳವರ ದೂರು ಬೇಕು. ಪೊಲೀಸರ ದೋಷಾರೋಪಣ ಪಟ್ಟಿಯೊಂದನ್ನೇ ನೆಚ್ಚಿದ ಪ್ರಕರಣವನ್ನು ವಕೀಲರು ಪ್ರಶ್ನಿಸುವುದು ಇದೇ ಕಲಮಿನ ಮೇಲೆ.

ಇನ್ನೊಂದು ಎಚ್ಚರಿಕೆ. ಪೊಲೀಸರ ಮುಂದೆ ಕೊಟ್ಟ ತಪ್ಪೊಪ್ಪಿಗೆ ಸಾಕ್ಷ್ಯವಾಗುವುದಿಲ್ಲ. ಅರಣ್ಯಾಧಿಕಾರಿಗಳ ವಿಷಯ ಹಾಗಲ್ಲ. ಸಹಾಯಕ ಅರಣ್ಯ ಸಂರಕ್ಷಣಾಧಿಕಾರಿ ದರ್ಜೆಗೆ ಕಡಿಮೆಯಿಲ್ಲದವರು ಆರೋಪಿಯ ಎದುರಿನಲ್ಲೇ ದಾಖಲಿಸಿದ ಸಾಕ್ಷ್ಯ ಮುಂದೆ ವಿಚಾರಣೆಯಲ್ಲೂ ನಿಲ್ಲಬಲ್ಲದು. ಓದಲು ಬಾರದವನು ಹೆಬ್ಬೆಟ್ಟು ಒತ್ತುವ ಮೊದಲೇ ವಕೀಲರು ಜೊತೆಗಿರಬೇಕು. 2003ರಲ್ಲಿ ಸೇರಿದ 51ಎ ಕಲಂ ಜಾಮೀನನ್ನು ಬಿಗಿ ಮಾಡಿದ್ದು ಹಿಂದೆ ಇದೇ ಕಾಯ್ದೆಯಡಿ ಶಿಕ್ಷೆಯಾದವರಿಗೆ. ಮೊದಲ ಸಲ ಸಿಕ್ಕವನಿಗೆ ಆ ಬಿಗಿ ಅನ್ವಯಿಸುವುದಿಲ್ಲ.

ಬಂಧನದಲ್ಲಿರುವವರಿಗೆ 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯಡಿ ಉಚಿತ ವಕೀಲರು ಸಿಗುತ್ತಾರೆ. ಚೀಲ ಹೊತ್ತ ಕೂಲಿಯವನ ಪರ ನಿಂತ ವಕೀಲರು ಕರೆ ವಿವರ ತರಿಸಿ, ಕೊಳ್ಳಲು ಬರಬೇಕಿದ್ದವನು ಯಾರು, ಅವನನ್ನು ಏಕೆ ಹಿಡಿಯಲಿಲ್ಲ ಎಂದು ತನಿಖಾಧಿಕಾರಿಗೆ ಪಾಟೀ ಸವಾಲು ಹಾಕಬೇಕು. ಆ ಪ್ರಶ್ನೆಗೆ ಉತ್ತರ ಸಿಕ್ಕಿದರೆ ಹಾವಿಗೂ ಒಳ್ಳೆಯದು, ಚೀಲ ಹೊತ್ತವನಿಗೂ ಒಳ್ಳೆಯದು.