ಬಿರುಗಾಳಿಯ ಕಣ್ಣಿಗೆ ಹಾರುವ 403ನೇ ವಿಂಗ್

2023ರ ಅಕ್ಟೋಬರ್ 24ರಂದು ಮೆಕ್ಸಿಕೊದ ಪಶ್ಚಿಮ ಕರಾವಳಿಯಾಚೆ ಓಟಿಸ್ ಎಂಬ ಚಂಡಮಾರುತ ಬಲಗೊಳ್ಳುತ್ತಿತ್ತು. ಉಪಗ್ರಹ ಚಿತ್ರಗಳನ್ನು ನೋಡಿ ಹಾಕಿದ ಲೆಕ್ಕದಲ್ಲಿ ಅದು ಅಷ್ಟೇನೂ ಭಯ ಹುಟ್ಟಿಸುವಂತಿರಲಿಲ್ಲ. ಮಧ್ಯಾಹ್ನ ಅಮೆರಿಕದ ವಾಯುಪಡೆಯ ನಾಲ್ಕು ಎಂಜಿನ್‌ಗಳ ವಿಮಾನವೊಂದು ನೇರ ಅದರೊಳಗೇ ಹೊಕ್ಕಿತು. ಅಲ್ಲಿ ಸಿಕ್ಕ ಅಳತೆಗಳು ಅಂದಾಜನ್ನು ತಲೆಕೆಳಗು ಮಾಡಿದವು. ಓಟಿಸ್ ಆಗಲೇ ಮಹಾಮಾರುತವಾಗಿ ಬೆಳೆದಿತ್ತು. ಮುನ್ನೆಚ್ಚರಿಕೆಯನ್ನು ತರಾತುರಿಯಲ್ಲಿ ತಿದ್ದಲಾಯಿತು. ಮಧ್ಯರಾತ್ರಿ ಕಳೆಯುತ್ತಿದ್ದಂತೆ ಅದು ಅತ್ಯುಗ್ರವಾದ ಐದನೇ ದರ್ಜೆಯ ರೂಪದಲ್ಲಿ ಅಕಾಪುಲ್ಕೊ ನಗರದ ಮೇಲೆರಗಿತು. ಸಿಕ್ಕ ಕಾಲಾವಕಾಶ ತೀರಾ ಕಡಿಮೆ. ಆ ವಿಮಾನ ಹೋಗದೇ ಇದ್ದಿದ್ದರೆ ಅದೂ ಸಿಗುತ್ತಿರಲಿಲ್ಲ.

ಇಂಥ ಹಾರಾಟವನ್ನೇ ಕಸುಬಾಗಿಸಿಕೊಂಡಿರುವುದು 53ನೇ ಹವಾಮಾನ ವಿಚಕ್ಷಣಾ ಸ್ಕ್ವಾಡ್ರನ್. ಜನ ಕರೆಯುವ ಹೆಸರು 'ಹರಿಕೇನ್ ಹಂಟರ್ಸ್'. ಇದು ಮಿಸಿಸಿಪಿ ರಾಜ್ಯದ ಬಿಲೊಕ್ಸಿ ಊರಿನ ಕೀಸ್ಲರ್ ನೆಲೆಯಲ್ಲಿರುವ 403ನೇ ವಿಂಗ್‌ಗೆ ಸೇರಿದ್ದು. ಈ ವಿಂಗ್ ಹುಟ್ಟಿದ್ದು ಹವಾಮಾನಕ್ಕಾಗಿ ಅಲ್ಲ. 1942ರ ಡಿಸೆಂಬರ್‌ನಲ್ಲಿ ಸೈನಿಕರನ್ನೂ ಸರಕನ್ನೂ ಸಾಗಿಸುವ ತುಕಡಿಯಾಗಿ ಆರಂಭವಾಗಿ, ದಕ್ಷಿಣ ಪೆಸಿಫಿಕ್‌ನ ದ್ವೀಪಗಳ ನಡುವೆ ಸಿ-47 ವಿಮಾನಗಳಲ್ಲಿ ದುಡಿಯಿತು. ಯುದ್ಧ ಮುಗಿದ ಮೇಲೆ ಮೀಸಲು ಪಡೆಯಾಯಿತು, ಕೊರಿಯಾ ಯುದ್ಧಕ್ಕೆ ಕರೆ ಬಂದಾಗ ಜಪಾನಿನಿಂದ ಹಾರಿತು. ಹವಾಮಾನದ ಹೊಣೆ ಇದರ ಹೆಗಲೇರಿದ್ದು 1970ರ ದಶಕದಲ್ಲಿ. 53ನೇ ಸ್ಕ್ವಾಡ್ರನ್ ಇದರ ಮಡಿಲಿಗೆ ಬಂದದ್ದು 1993ರಲ್ಲಿ. ಸಿಬ್ಬಂದಿಯಲ್ಲಿ ಹೆಚ್ಚಿನವರು ಇಂದಿಗೂ ಮೀಸಲು ಯೋಧರೇ.

ಚಂಡಮಾರುತದೊಳಗೆ ಹಾರುವ ಪರಿಪಾಠಕ್ಕೆ ಮೊದಲ ದಿನ ಒಂದಿದೆ: 1943ರ ಜುಲೈ 27. ಟೆಕ್ಸಸ್‌ನ ಬ್ರಯನ್ ಫೀಲ್ಡ್‌ನಲ್ಲಿ ಜೋಸೆಫ್ ಡಕ್‌ವರ್ತ್ ಎಂಬ ಅಧಿಕಾರಿ, ಹೊರಗೇನೂ ಕಾಣದಿದ್ದರೂ ಉಪಕರಣಗಳನ್ನಷ್ಟೇ ನಂಬಿ ಹಾರುವುದನ್ನು ಕಲಿಸುತ್ತಿದ್ದರು. ಗ್ಯಾಲ್ವೆಸ್ಟನ್ ಕಡೆಗೆ ಚಂಡಮಾರುತ ಬರುತ್ತಿದೆ, ತರಬೇತಿ ವಿಮಾನಗಳನ್ನು ಬೇರೆಡೆಗೆ ಸಾಗಿಸಬೇಕು ಎಂಬ ಮಾತು ಎದ್ದಾಗ, ಅಲ್ಲಿ ಕಲಿಯುತ್ತಿದ್ದ ಬ್ರಿಟಿಷ್ ಪೈಲಟ್‌ಗಳು ವಿಮಾನಗಳ ಗಟ್ಟಿತನವನ್ನು ಗೇಲಿ ಮಾಡಿದರಂತೆ. ಡಕ್‌ವರ್ತ್ ಪಂಥ ಕಟ್ಟಿದರು. ಮೇಲಧಿಕಾರಿಗಳ ಅಪ್ಪಣೆ ಕೇಳದೆ, ರಾಲ್ಫ್ ಓ'ಹೇರ್ ಎಂಬ ನ್ಯಾವಿಗೇಟರ್ ಜತೆ ಎಟಿ-6 ತರಬೇತಿ ವಿಮಾನ ಹತ್ತಿ ಬಿರುಗಾಳಿಯ ಕಣ್ಣಿನವರೆಗೂ ಹೋಗಿ ಬಂದರು. ಅದಕ್ಕಿದ್ದದ್ದು ಒಂದೇ ಎಂಜಿನ್. ಮಳೆಗೆ ಅದು ನಿಂತಿದ್ದರೆ ಮುಗಿಯಿತು. ಮರಳಿದಾಗ ಹವಾಮಾನ ಅಧಿಕಾರಿ ವಿಲಿಯಂ ಜೋನ್ಸ್-ಬರ್ಡಿಕ್ ತಾನೂ ನೋಡಬೇಕೆಂದರು. ಡಕ್‌ವರ್ತ್ ಅವರನ್ನು ಕೂರಿಸಿಕೊಂಡು ಅದೇ ದಿನ ಮತ್ತೆ ಒಳಹೊಕ್ಕರು. ನನ್ನ ಮಟ್ಟಿಗೆ ಚರಿತ್ರೆ ಮಾಡಿದ್ದು ಈ ಎರಡನೆಯ ಹಾರಾಟ. ಮೊದಲನೆಯದು ಸಾಹಸ, ಎರಡನೆಯದರಲ್ಲಿ ಹವಾಮಾನ ಬಲ್ಲವನೊಬ್ಬ ಕಣ್ಣಾರೆ ನೋಡಿ ಬರೆದುಕೊಂಡ. ಮರುವರ್ಷವೇ ಇದಕ್ಕೆಂದು ಸ್ಕ್ವಾಡ್ರನ್ ಸಿದ್ಧವಾಯಿತು.

ಒಳಗೆ ಹೋಗಿ ಅಳೆಯುವುದೇನನ್ನು? ಮುಖ್ಯವಾಗಿ ಒತ್ತಡವನ್ನು. ಬಿಸಿ ಕಡಲಿನಿಂದ ಎದ್ದ ತೇವದ ಗಾಳಿ ಮೇಲೇರಿ ಮೋಡವಾಗುತ್ತದೆ. ಆವಿ ನೀರಾಗುವಾಗ ಅದರಲ್ಲಿ ಅಡಗಿದ್ದ ಶಾಖ ಹೊರಬಿದ್ದು ಸುತ್ತಲ ಗಾಳಿಯನ್ನು ಇನ್ನಷ್ಟು ಮೇಲಕ್ಕೆ ತಳ್ಳುತ್ತದೆ. ಹೀಗೆ ಎದ್ದ ಮೋಡಗಳೇ ಕಣ್ಣಿನ ಸುತ್ತ ಗೋಡೆಯಂತೆ ನಿಲ್ಲುತ್ತವೆ. ನಟ್ಟ ನಡುವೆ ಮಾತ್ರ ಗಾಳಿ ಕೆಳಗಿಳಿಯುತ್ತದೆ. ಇಳಿಯುತ್ತಾ ಒತ್ತಿಕೊಂಡು ಬಿಸಿಯಾಗುತ್ತದೆ, ಮೋಡ ಕರಗುತ್ತದೆ, ಆಕಾಶ ಕಾಣುತ್ತದೆ. ಬಿಸಿ ಗಾಳಿ ಹಗುರ, ಆದ್ದರಿಂದ ಕೆಳಗಿನ ಕಡಲ ಮೇಲೆ ಒತ್ತಡ ಕುಸಿಯುತ್ತದೆ. ಅದು ಎಷ್ಟು ಕುಸಿದರೆ ಅಷ್ಟು ರಭಸದಿಂದ ಸುತ್ತಣ ಗಾಳಿ ನುಗ್ಗುತ್ತದೆ. ಸಮುದ್ರ ಮಟ್ಟದಲ್ಲಿ ಸರಾಸರಿ ಒತ್ತಡ 1013 ಮಿಲಿಬಾರ್. ಕಣ್ಣಿನಲ್ಲಿ ಅದೆಷ್ಟಿದೆ ಎಂದು ತಿಳಿದರೆ ಚಂಡಮಾರುತದ ನಾಡಿ ಸಿಕ್ಕಂತೆ.

ಉಪಗ್ರಹಕ್ಕೆ ಕಾಣುವುದು ಮೋಡಗಳ ನೆತ್ತಿ. ಅವುಗಳ ಆಕಾರ ಮತ್ತು ತಂಪನ್ನು ನೋಡಿ ಕೆಳಗಿನ ಗಾಳಿಯ ಬಲ ಊಹಿಸುವ ವಿಧಾನವನ್ನು 1970ರ ದಶಕದಲ್ಲಿ ವರ್ನನ್ ಡ್ವೊರಾಕ್ ರೂಪಿಸಿದರು. ಅದು ಅಮೂಲ್ಯ ವಿಧಾನ, ಜಗತ್ತಿನಾದ್ಯಂತ ಬಳಕೆಯಲ್ಲಿದೆ; ಆದರೂ ಅದು ಕೊಡುವುದು ಅಂದಾಜನ್ನು. ಓಟಿಸ್‌ನಂತೆ ಗಂಟೆಗಳಲ್ಲಿ ರೂಪ ಬದಲಿಸುವ ಚಂಡಮಾರುತದೆದುರು ಅದು ಹಿಂದೆ ಬೀಳುತ್ತದೆ.

403ನೇ ವಿಂಗ್ ಬಳಿ ಇದಕ್ಕಾಗಿ ಹತ್ತು ಡಬ್ಲ್ಯುಸಿ-130ಜೆ ವಿಮಾನಗಳಿವೆ. ಸರಕು ಸಾಗಿಸುವ ಹರ್ಕ್ಯುಲಿಸ್ ವಿಮಾನವೇ ಇದು. ಬಿರುಗಾಳಿಗೆಂದು ರೆಕ್ಕೆಗಳನ್ನು ಬಲಪಡಿಸಿಲ್ಲ. ಸಮನಾಗಿ ಬೀಸುವ ಗಾಳಿ, ಎಷ್ಟೇ ವೇಗದ್ದಾದರೂ, ವಿಮಾನವನ್ನು ಮುರಿಯುವುದಿಲ್ಲ. ತುಂಬಿದ ಹೊಳೆಯಲ್ಲಿ ಅಂಬಿಗ ದೋಣಿಯ ಮೂತಿಯನ್ನು ಓರೆ ಹಿಡಿದು ದಾಟುವಂತೆ ಪೈಲಟ್ ಓರೆಯಾಗಿ ಸಾಗುತ್ತಾನೆ. ಅಪಾಯವಿರುವುದು ಕಣ್ಣಿನ ಗೋಡೆಯಲ್ಲಿ, ಗಾಳಿ ಹಠಾತ್ತನೆ ಮೇಲೆ ಕೆಳಗೆ ಎತ್ತಿಹಾಕುವ ಕಡೆ. ಸುಮಾರು ಮೂರು ಸಾವಿರ ಮೀಟರ್ ಎತ್ತರದಲ್ಲಿ ವಿಮಾನ ಕಣ್ಣನ್ನು ಮತ್ತೆ ಮತ್ತೆ ಹಾಯುತ್ತದೆ. ಗಾಳಿ ನಿಂತ ಜಾಗ ಸಿಕ್ಕೊಡನೆ ಮೊಳಕ್ಕೂ ಗಿಡ್ಡನೆಯ ಕೊಳವೆಯೊಂದನ್ನು ಕೆಳಗೆ ಬಿಡುತ್ತಾರೆ. ಅದೇ ಡ್ರಾಪ್‌ಸೋಂಡ್. ಪುಟ್ಟ ಪ್ಯಾರಾಚೂಟ್ ಬಿಚ್ಚಿಕೊಂಡು ನಾಲ್ಕೈದು ನಿಮಿಷಗಳಲ್ಲಿ ಕಡಲಿಗೆ ಬೀಳುವವರೆಗೂ ಒತ್ತಡ, ಉಷ್ಣತೆ, ತೇವಾಂಶಗಳನ್ನು ಸೆಕೆಂಡಿಗೆ ಎರಡು ಸಲ ಕಳಿಸುತ್ತದೆ; ತಾನು ಗಾಳಿಯಲ್ಲಿ ತೇಲಿಹೋಗುವ ದಾರಿಯನ್ನು ಜಿಪಿಎಸ್‌ನಿಂದ ಗುರುತಿಸಿ ಗಾಳಿಯ ವೇಗವನ್ನೂ ತಿಳಿಸುತ್ತದೆ. ವಿಮಾನದಲ್ಲಿರುವ ಮತ್ತೊಂದು ಉಪಕರಣ ಸಮುದ್ರದ ನೊರೆಯನ್ನು ಓದುತ್ತದೆ. ಗಾಳಿ ಹೆಚ್ಚಿದಷ್ಟೂ ನೊರೆ ಹೆಚ್ಚು, ನೊರೆ ಹೆಚ್ಚಿದಷ್ಟೂ ಅಲ್ಲಿಂದ ಹೊಮ್ಮುವ ಮೈಕ್ರೊವೇವ್ ಕಿರಣಗಳು ಹೆಚ್ಚು. ಇದೆಲ್ಲ ಆ ಕ್ಷಣವೇ ಮಯಾಮಿಯ ಹರಿಕೇನ್ ಕೇಂದ್ರ ತಲುಪುತ್ತದೆ.

ಇದಕ್ಕೆ ಪ್ರಾಣದ ಬೆಲೆಯೂ ತೆತ್ತಿದ್ದಾರೆ. 1955ರಲ್ಲಿ ಜಾನೆಟ್ ಚಂಡಮಾರುತದೊಳಗೆ ಹೋದ ಅಮೆರಿಕ ನೌಕಾಪಡೆಯ ವಿಮಾನ ಹನ್ನೊಂದು ಜನರೊಡನೆ ಕಾಣೆಯಾಯಿತು. 1974ರಲ್ಲಿ ಗುವಾಮ್‌ನ 54ನೇ ಸ್ಕ್ವಾಡ್ರನ್ನಿನ ವಿಮಾನ ಬೆಸ್ ಟೈಫೂನ್‌ನಲ್ಲಿ (ಪಶ್ಚಿಮ ಪೆಸಿಫಿಕ್‌ನಲ್ಲಿ ಚಂಡಮಾರುತಕ್ಕೆ ಟೈಫೂನ್ ಎನ್ನುತ್ತಾರೆ) ಆರು ಜನರೊಂದಿಗೆ ಕಳೆದುಹೋಯಿತು. ಅದೇ 54ನೇ ಸ್ಕ್ವಾಡ್ರನ್ 1979ರ ಅಕ್ಟೋಬರ್ 12ರಂದು ಟಿಪ್ ಟೈಫೂನ್‌ನ ಕಣ್ಣಿನಲ್ಲಿ 870 ಮಿಲಿಬಾರ್ ಒತ್ತಡ ಅಳೆಯಿತು. ಕಡಲ ಮೇಲಿನ ಯಾವ ಚಂಡಮಾರುತದಲ್ಲೂ ಅದಕ್ಕಿಂತ ಕಡಿಮೆ ಇದುವರೆಗೆ ದಾಖಲಾಗಿಲ್ಲ. 1987ರಲ್ಲಿ ಆ ಸ್ಕ್ವಾಡ್ರನ್ನನ್ನು ಮುಚ್ಚಿದರು. ಆಮೇಲೆ ಪಶ್ಚಿಮ ಪೆಸಿಫಿಕ್‌ನಲ್ಲಿ ಟಿಪ್‌ಗೆ ಸರಿಗಟ್ಟುವ ಟೈಫೂನ್ ಬಂದಿದ್ದರೂ ನಮಗೆ ಖಚಿತವಾಗಿ ಗೊತ್ತಾಗುವ ದಾರಿ ಬಹುಮಟ್ಟಿಗೆ ಇಲ್ಲವಾಯಿತು. ಉಳಿತಾಯದ ಹೆಸರಿನಲ್ಲಿ ಮಾಡಿದ ದೊಡ್ಡ ತಪ್ಪು ಅದು.

ಕೀಸ್ಲರ್‌ನವರ ಮಟ್ಟಿಗೆ 2005 ಮರೆಯಲಾಗದ ವರ್ಷ. ಆಗಸ್ಟ್ 29ರಂದು ಕತ್ರಿನಾ ಚಂಡಮಾರುತ ಅವರ ನೆಲೆಗೇ ನುಗ್ಗಿತು. ವಿಂಗ್‌ನ ಎಷ್ಟೋ ಜನ ಮನೆ ಕಳೆದುಕೊಂಡರು. ವಿಮಾನಗಳನ್ನು ಬೇರೆ ನೆಲೆಗಳಿಗೆ ಒಯ್ದು ಅಲ್ಲಿಂದಲೇ ಕೆಲಸ ನಡೆಸಿದರು. ಏಳು ವಾರಗಳ ನಂತರ, ಅಕ್ಟೋಬರ್ 19ರಂದು, ಅದೇ ಜನ ವಿಲ್ಮಾ ಚಂಡಮಾರುತದ ಕಣ್ಣನ್ನು ಹೊಕ್ಕರು. ಆ ಕಣ್ಣಿನ ಅಗಲ ನಾಲ್ಕು ಕಿಲೊಮೀಟರ್ ಕೂಡ ಇರಲಿಲ್ಲ. ಒತ್ತಡ 882 ಮಿಲಿಬಾರ್. ಒಂದೇ ದಿನದಲ್ಲಿ 97 ಮಿಲಿಬಾರ್ ಕುಸಿದಿತ್ತು. ಅಟ್ಲಾಂಟಿಕ್‌ನಲ್ಲಿ ಅದು ಇಂದಿಗೂ ದಾಖಲೆ.

ನಮ್ಮ ಕಡಲುಗಳ ಲೆಕ್ಕ ಮಾತ್ರ ಅಂದಾಜಿನದೇ. 1999ರ ಒಡಿಶಾ ಚಂಡಮಾರುತದ 912 ಮಿಲಿಬಾರ್ ಉಪಗ್ರಹ ಚಿತ್ರ ನೋಡಿ ಹೇಳಿದ ಸಂಖ್ಯೆ. ಆಗ ಸುಮಾರು ಹತ್ತು ಸಾವಿರ ಜನ ಸತ್ತರು. ಅಲ್ಲಿಂದೀಚೆಗೆ ನಮ್ಮ ಹವಾಮಾನ ಇಲಾಖೆ ಚಂಡಮಾರುತದ ಹಾದಿಯನ್ನು ಮೆಚ್ಚುವಷ್ಟು ನಿಖರವಾಗಿ ಹೇಳುತ್ತಿದೆ; 2019ರಲ್ಲಿ ಫಾನಿ ಬರುವ ಮುನ್ನ ಒಡಿಶಾದಲ್ಲಿ ಹತ್ತು ಲಕ್ಷಕ್ಕೂ ಹೆಚ್ಚು ಜನರನ್ನು ಸ್ಥಳಾಂತರಿಸಲು ಸಾಧ್ಯವಾಗಿದ್ದು ಅದರಿಂದಲೇ. ಎಡವುವುದು ಬಲದ ಲೆಕ್ಕದಲ್ಲಿ. 2017ರಲ್ಲಿ ಓಖಿ ದಿಢೀರನೆ ಬಲಗೊಂಡಾಗ ಕೇರಳ, ಕನ್ಯಾಕುಮಾರಿಯ ನೂರಾರು ಮೀನುಗಾರರು ಕಡಲಲ್ಲಿದ್ದರು, ಹಲವರು ಮರಳಲಿಲ್ಲ. 2021ರ ಮೇ ತಿಂಗಳಲ್ಲಿ ತೌಕ್ತೆ ಉಳ್ಳಾಲ, ಮಲ್ಪೆಯ ತೀರಗಳನ್ನು ಕೊರೆಯುತ್ತಾ ಉತ್ತರಕ್ಕೆ ಸಾಗಿದ್ದು ಬಲಗೊಳ್ಳುತ್ತಲೇ.

ಅರಬ್ಬಿ ಸಮುದ್ರದಲ್ಲಿ ಪ್ರಬಲ ಚಂಡಮಾರುತಗಳು ಹೆಚ್ಚುತ್ತಿರುವ ಈ ಕಾಲದಲ್ಲಿ ನಮಗೂ ಇಂಥದೊಂದು ತುಕಡಿ ಬೇಕು. ವಿಮಾನಕ್ಕಾಗಿ ಹುಡುಕಬೇಕಿಲ್ಲ. ಭಾರತೀಯ ವಾಯುಪಡೆ 2011ರಿಂದ ಸಿ-130ಜೆ ವಿಮಾನಗಳನ್ನು ಹಾರಿಸುತ್ತಿದೆ. ಹಿಂಡನ್ ಮತ್ತು ಪಾನಾಗಢ ನೆಲೆಗಳಲ್ಲಿ ಅವು ಇವೆ. ಅವುಗಳಲ್ಲಿ ಒಂದೆರಡಕ್ಕೆ ಡ್ರಾಪ್‌ಸೋಂಡ್ ಬಿಡುವ ವ್ಯವಸ್ಥೆ ಜೋಡಿಸಿ, ಹವಾಮಾನ ಇಲಾಖೆಯ ವಿಜ್ಞಾನಿಗಳಿಗೆ ಅವುಗಳಲ್ಲಿ ಜಾಗ ಕೊಡಬೇಕು. ಕರಾವಳಿಯ ಸಂಸದರು ಈ ಬೇಡಿಕೆಯನ್ನು ದೆಹಲಿಯಲ್ಲಿ ಎತ್ತಲಿ. ಎತ್ತುವಂತೆ ಅವರನ್ನು ಕೇಳುವುದು ನಮ್ಮ ಕೆಲಸ.