ಪ್ರಳಯೋತ್ತರ ಕಿಶೋರಸಾಹಸಕಥೆಗಳಲ್ಲಿ ವೀರರಸ

ಪ್ರಕೃತಿಯ ಕೇಡಿನಿಂದ ಹಾಳಾದ ಭಾವೀ ಲೋಕವೊಂದನ್ನು ಕಲ್ಪಿಸಿ, ಹದಿಹರೆಯದ ಹುಡುಗನನ್ನೋ ಹುಡುಗಿಯನ್ನೋ ಅದರಲ್ಲಿ ನಾಯಕಸ್ಥಾನದಲ್ಲಿರಿಸಿ ಬರೆದ ಸಾಹಸಕಥೆಗಳು ಇಂಗ್ಲಿಷ್ ಸಾಹಿತ್ಯದಲ್ಲಿ ಕ್ರಿ. ಶ. ೨೦೦೦ದಿಂದೀಚೆಗೆ ಹೇರಳವಾಗಿ ಬೆಳೆದಿವೆ. ಥಾಮಸ್ ಮೋರನು ೧೫೧೬ರಲ್ಲಿ ತನ್ನ ಗ್ರಂಥಕ್ಕೆ ಇಟ್ಟ ‘ಯುಟೋಪಿಯ’ ಎಂಬ ಹೆಸರು ಆದರ್ಶರಾಜ್ಯಕ್ಕೆ ರೂಢವಾಯಿತು. ಅದಕ್ಕೆ ಪ್ರತಿಯಾದ, ಮನುಷ್ಯನು ಬಾಳಲಾರದ ನಾಡೇ ‘ಡಿಸ್ಟೋಪಿಯ’. ಪ್ರಸ್ತುತ ಕಥೆಗಳು ಈ ಎರಡನೆಯ ವರ್ಗಕ್ಕೆ ಸೇರಿದವು. ಇವನ್ನು ಮಕ್ಕಳ ವಿನೋದಕ್ಕೆಂದು ಬದಿಗಿರಿಸುವುದು ಸುಲಭ. ಆದರೆ ಇವುಗಳ ರಚನೆಯಲ್ಲಿ ಕಾವ್ಯಮೀಮಾಂಸೆಗೆ ಸಂಬಂಧಪಟ್ಟ ಒಂದು ತೊಡಕು ಅಡಗಿದೆ. ಆ ತೊಡಕನ್ನು ಬಿಡಿಸುವ ಬಗೆಯಲ್ಲಿಯೇ ಇವುಗಳ ಗುಣದೋಷಗಳೂ ತೋರಿಬರುವುವು.

ವೀರರಸಕ್ಕೆ ಉತ್ಸಾಹವು ಸ್ಥಾಯಿ. ಗೆಲ್ಲಬೇಕಾದ ಶತ್ರುವೇ ಮೊದಲಾದುವು ಆಲಂಬನವಿಭಾವವೆಂಬುದು ಲಾಕ್ಷಣಿಕರ ಮತ. ಸಾಹಸಕಥೆಯ ಪ್ರಾಣವೂ ಈ ವಿಜೇತವ್ಯನಲ್ಲಿಯೇ ಇದೆ. ಹಾಗಾದರೆ ಏರಿಬರುವ ಕಡಲಿಗೆ ಎದುರಾಗಿ ನಿಂತ ಬಾಲಕನು ಗೆಲ್ಲಬೇಕಾದುದು ಯಾರನ್ನು? ಕಡಲಿಗೆ ದ್ವೇಷವಿಲ್ಲ, ಅದನ್ನು ಕೊಲ್ಲುವಂತಿಲ್ಲ, ಅದರೊಡನೆ ಸಂಧಿ ಮಾಡಿಕೊಳ್ಳುವಂತೆಯೂ ಇಲ್ಲ. ಈ ಪ್ರಶ್ನೆಗೆ ಉತ್ತರ ದೊರೆಯದೆ ಇಂತಹ ಕಥೆಯು ಮುಂದೆ ಸಾಗಲಾರದು.

ಈ ಪಂಥದ ಪೂರ್ವಜರಲ್ಲಿ ರಿಚರ್ಡ್ ಜೆಫರೀಸನು ೧೮೮೫ರಲ್ಲಿ ಪ್ರಕಟಿಸಿದ ‘ಆಫ್ಟರ್ ಲಂಡನ್’ ಮುಖ್ಯವಾದುದು. ಅದರ ಮೊದಲ ಭಾಗದಲ್ಲಿ ಇಂಗ್ಲೆಂಡಿನ ಹೊಲಗದ್ದೆಗಳನ್ನು ಕಾಡು ನುಂಗಿದ ಬಗೆಯ ವರ್ಣನೆಯಿದೆ. ಎರಡನೆಯದರಲ್ಲಿ ಫೀಲಿಕ್ಸನೆಂಬ ತರುಣನು ತಾನೇ ಕೊರೆದ ದೋಣಿಯಲ್ಲಿ ಮಹಾಸರೋವರವನ್ನು ದಾಟಿ, ವಿಷದ ಕೆಸರಾಗಿ ಹೋದ ಲಂಡನ್ ನಗರದ ನೆಲವನ್ನು ಕಾಣುತ್ತಾನೆ. ಆದರೆ ಆ ಪ್ರಳಯಕ್ಕೆ ಕಾರಣವೇನೆಂಬುದನ್ನು ಕಥೆಗಾರನು ಇತ್ಯರ್ಥಪಡಿಸುವುದಿಲ್ಲ. ಹಲವು ಊಹೆಗಳನ್ನು ಹೇಳಿ ಬಿಡುತ್ತಾನೆ. ಕಾರಣವು ತಿಳಿಯದಿರುವಲ್ಲಿ ಅಪರಾಧಿಯೂ ಇಲ್ಲ.

ಒಂದು ಶತಮಾನ ಕಳೆಯುವುದರೊಳಗೆ ಈ ಸ್ಥಿತಿ ಬದಲಾಯಿತು. ಕಲ್ಲಿದ್ದಲು ಎಣ್ಣೆಗಳ ದಹನದಿಂದ ಭೂಮಿಯು ಕಾಯುತ್ತಿರುವುದನ್ನು ವಿಜ್ಞಾನವು ತೋರಿಸಿತು. ೧೯೮೮ರಲ್ಲಿ ಇದರ ವಿಚಾರಣೆಗಾಗಿಯೇ ವಿಶ್ವಸಂಸ್ಥೆಯ ಆಶ್ರಯದಲ್ಲಿ ಅಂತರಸರ್ಕಾರ ಮಂಡಲಿಯೊಂದು ಸ್ಥಾಪಿತವಾಯಿತು. ಅಂದಿನಿಂದ ಕಥೆಯ ಅಪರಾಧಿಯು ಅಜ್ಞಾತನಲ್ಲ. ಆದರೆ ಕಥೆ ನಡೆಯುವ ಕಾಲಕ್ಕೆ ಅವನು ಸತ್ತುಹೋಗಿರುತ್ತಾನೆ. ಅವನು ನಾಯಕನ ಮುತ್ತಜ್ಜ. ಎಂದರೆ ಇಂದಿನ ಓದುಗನೇ.

ಮಾರ್ಕಸ್ ಸೆಜ್‌ವಿಕ್ಕನ ‘ಫ್ಲಡ್‌ಲ್ಯಾಂಡ್’ (೨೦೦೦) ಈ ತೊಡಕನ್ನು ಹಳೆಯ ರೀತಿಯಲ್ಲಿಯೇ ಬಿಡಿಸಲೆಳಸುತ್ತದೆ. ಮುಳುಗುತ್ತಿರುವ ನಾರಿಚ್ ಪಟ್ಟಣದಲ್ಲಿ ತಂದೆತಾಯಿಗಳಿಂದ ಅಗಲಿ ಉಳಿದ ಜೋಯಿ ಎಂಬ ಬಾಲಿಕೆ ಸಣ್ಣ ದೋಣಿಯೊಂದರಲ್ಲಿ ಪಾರಾಗಿ ‘ಈಲ್ಸ್ ಐಲೆಂಡ್’ ಎಂಬ ದ್ವೀಪವನ್ನು ಸೇರುತ್ತಾಳೆ. ಇದು ಈಲಿ ಎಂಬ ನಿಜವಾದ ಊರು. ಸುತ್ತಲಿನ ಜೌಗುನೆಲವನ್ನು ಹದಿನೇಳನೆಯ ಶತಮಾನದಲ್ಲಿ ಕಾಲುವೆ ತೋಡಿ ಬತ್ತಿಸುವ ಮೊದಲು ಅದು ದ್ವೀಪವೇ ಆಗಿದ್ದಿತು. ಅದರ ಹೆಸರಿನಲ್ಲಿಯೇ ಹಾವುಮೀನಿನ ನೆನಪು ಉಳಿದಿದೆ. ಮನುಷ್ಯನು ಕಿತ್ತುಕೊಂಡುದನ್ನು ನೀರು ಮರಳಿ ಪಡೆಯಿತೆಂಬ ಧ್ವನಿ ಇಲ್ಲಿ ಸೊಗಸಾಗಿದೆ. ಆದರೆ ಜೋಯಿಯ ಶತ್ರುಗಳು ಆ ದ್ವೀಪದ ಪುಂಡ ಹುಡುಗರು, ಅವರ ಮುಖಂಡನಾದ ಡೂಬಿ. ಶತ್ರುವು ದೊರೆತೊಡನೆ ಕಡಲು ಹಿಂದಕ್ಕೆ ಸರಿದು ಬರಿಯ ಉದ್ದೀಪನವಾಗಿ ನಿಲ್ಲುತ್ತದೆ.

ಜೂಲಿ ಬರ್ಟಾನ್ಯಾ ಎಂಬ ಲೇಖಕಿಯ ‘ಎಕ್ಸೋಡಸ್’ (೨೦೦೨) ಇನ್ನೊಂದು ಹೆಜ್ಜೆ ಮುಂದಿಡುತ್ತದೆ. ಮುಳುಗುವ ದ್ವೀಪದ ಜನರನ್ನು ಊರು ಬಿಡುವಂತೆ ಒಪ್ಪಿಸಿದವಳು ಮಾರಾ ಎಂಬ ಹುಡುಗಿ. ಆ ಪಯಣದಲ್ಲಿ ಅವಳ ಮನೆಯವರೇ ಮಡಿಯುತ್ತಾರೆ. ಮುಳುಗಿದ ಗ್ಲಾಸ್ಗೋ ನಗರದ ಮೇಲೆ ಎತ್ತರವಾಗಿ ಕಟ್ಟಿದ ಹೊಸ ಪಟ್ಟಣವು ತನ್ನ ಗೋಡೆಯ ಹೊರಗೆ ತೇಲುವ ನಿರಾಶ್ರಿತರಿಗೆ ಬಾಗಿಲು ತೆರೆಯುವುದಿಲ್ಲ. ಇಲ್ಲಿಯ ವಿಜೇತವ್ಯವು ವ್ಯಕ್ತಿಯಲ್ಲ, ಗೋಡೆ. ಮಾರಾ ಪಟ್ಟಣವನ್ನು ಕೆಡಹುವುದಿಲ್ಲ. ಹೊರಗಿನವರನ್ನು ಹಡಗುಗಳಿಗೆ ಹತ್ತಿಸಿಕೊಂಡು ಉತ್ತರದ ಗ್ರೀನ್‌ಲೆಂಡಿನ ಕಡೆಗೆ ಹೊರಡುತ್ತಾಳೆ. ಅವಳ ಸಾಹಸವು ಎಷ್ಟು ಮಂದಿಯನ್ನು ಸೋಲಿಸಿದಳೆಂಬುದರಲ್ಲಿಲ್ಲ, ಎಷ್ಟು ಮಂದಿಯನ್ನು ಜೊತೆಗೆ ಕರೆದೊಯ್ದಳೆಂಬುದರಲ್ಲಿದೆ.

ಪಾವೊಲೊ ಬಾಚಿಗಲೂಪಿಯ ‘ಷಿಪ್ ಬ್ರೇಕರ್’ (೨೦೧೦) ಇವೆಲ್ಲಕ್ಕೂ ಗಟ್ಟಿಯಾದ ಕೃತಿ. ಅಮೆರಿಕದ ಗಲ್ಫ್ ತೀರದ ಮರಳಿನಲ್ಲಿ ಹಳೆಯ ಎಣ್ಣೆಹಡಗುಗಳು ತುಕ್ಕುಹಿಡಿದು ಬಿದ್ದಿವೆ. ನೇಲರ್ ಎಂಬ ಹುಡುಗನು ಅವುಗಳ ಇಕ್ಕಟ್ಟಾದ ಕೊಳವೆಗಳೊಳಗೆ ತೆವಳಿ ತಾಮ್ರದ ತಂತಿಯನ್ನು ಕಿತ್ತು ತರುತ್ತಾನೆ. ಹಡಗನ್ನು ದಡಕ್ಕೆ ಹತ್ತಿಸಿ ಕೈಯಿಂದ ಒಡೆಯುವ ಈ ಕಸುಬು ಕೇವಲ ಕಲ್ಪನೆಯದಲ್ಲ. ಗುಜರಾತಿನ ಆಲಂಗಿನಲ್ಲಿ ೧೯೮೩ರಿಂದಲೂ ನಡೆದುಬಂದಿದೆ. ಲೇಖಕನು ಅದನ್ನು ಭವಿಷ್ಯದ ಅಮೆರಿಕಕ್ಕೆ ಸಾಗಿಸಿ, ಬಡವನ ಪಾಡನ್ನು ಸಿರಿವಂತನ ಮೊಮ್ಮಕ್ಕಳ ತಲೆಗೆ ಕಟ್ಟಿದ್ದಾನೆ.

ಈ ಕಥೆಯ ತಿರುಳು ಎರಡು ಸನ್ನಿವೇಶಗಳಲ್ಲಿದೆ. ನೇಲರನು ಹಡಗಿನೊಳಗೆ ಕುಸಿದು, ಉಳಿದಿದ್ದ ಎಣ್ಣೆಯ ಮಡುವಿನಲ್ಲಿ ಬೀಳುತ್ತಾನೆ. ಲೋಕವನ್ನು ಕೆಡಿಸಿದ ಎಣ್ಣೆಯೇ ಈಗ ಅವನ ಮೂಗಿನವರೆಗೆ ಬಂದಿದೆ. ಜೊತೆಗೆಲಸದ ಸ್ಲಾತ್ ಎಂಬ ಹುಡುಗಿ ಅವನನ್ನು ಕಂಡರೂ, ಆ ಎಣ್ಣೆ ತನ್ನೊಬ್ಬಳದಾಗಲೆಂಬ ಆಸೆಯಿಂದ ಸಾಯಲು ಬಿಟ್ಟು ಹೋಗುತ್ತಾಳೆ. ಅವನು ಹೇಗೋ ಬದುಕುತ್ತಾನೆ. ಮುಂದೆ ಬಿರುಗಾಳಿಗೆ ಸಿಕ್ಕಿ ಒಡೆದ ಹಡಗಿನಲ್ಲಿ ನೀಟಾ ಎಂಬ ಧನಿಕರ ಕನ್ಯೆ ಅರೆಜೀವವಾಗಿ ದೊರೆಯುತ್ತಾಳೆ. ಅವಳು ಸತ್ತರೆ ಬೆರಳಿನ ಉಂಗುರಗಳೂ ಹಡಗಿನ ಸಂಪತ್ತೂ ಇವನವು. ಎಣ್ಣೆಯ ಮಡುವಿನಲ್ಲಿ ತಾನು ಬೇಡಿದುದನ್ನು ನೆನೆದು ನೇಲರನು ಅವಳನ್ನು ಉಳಿಸುತ್ತಾನೆ. ಕಥೆಯಲ್ಲಿ ಮುಂದೆ ಕ್ರೂರಿಯಾದ ತಂದೆಯೊಡನೆ ಹೋರಾಟವೂ ಉಂಟು. ಆದರೆ ನಾಯಕನು ಗೆದ್ದುದು ಆ ಹೋರಾಟದಲ್ಲಲ್ಲ, ಈ ಕ್ಷಣದಲ್ಲಿ.

ವಿಶ್ವನಾಥನು ‘ಸಾಹಿತ್ಯದರ್ಪಣ’ದಲ್ಲಿ ವೀರವನ್ನು ದಾನ, ಧರ್ಮ, ಯುದ್ಧ, ದಯಾ ಎಂದು ನಾಲ್ಕಾಗಿ ವಿಂಗಡಿಸಿದ್ದಾನೆ. ದಯಾವೀರಕ್ಕೆ ಶಂಖಚೂಡನ ಬದಲಾಗಿ ಗರುಡನಿಗೆ ತನ್ನ ಮೈಯನ್ನೊಪ್ಪಿಸಿದ ‘ನಾಗಾನಂದ’ದ ಜೀಮೂತವಾಹನನೇ ಪ್ರಸಿದ್ಧ ನಿದರ್ಶನ. ಕಡಲಿನೊಡನೆ ಯುದ್ಧವೀರವು ನಡೆಯದು; ದಯಾವೀರವು ನಡೆಯುವುದು. ಮಾರಾ, ನೇಲರ್ ಇಬ್ಬರೂ ಈ ಪಂಕ್ತಿಗೆ ಸೇರಿದವರು. ತಮಗೆ ಲೋಕವನ್ನು ಉಳಿಸದೆ ಹೋದ ಹಿರಿಯರ ಲೋಭವು ತಮ್ಮ ಕೈಗೂ ಬಂದಾಗ ಅದನ್ನು ಬೇಡವೆನ್ನುವುದೇ ಅವರ ಪರಾಕ್ರಮ.

ತರಗತಿಗೆ ಇಂತಹ ಕಥೆಯನ್ನು ಆರಿಸುವ ಅಧ್ಯಾಪಕರಿಗೆ ಇದರಿಂದ ಒಂದು ಒರೆಗಲ್ಲು ದೊರೆಯುವುದು. ದುಷ್ಟನೊಬ್ಬನು ಮಡಿದೊಡನೆ ಎಲ್ಲ ಕೇಡೂ ತೀರಿಹೋಗುವ ಕಥೆಯಲ್ಲಿ ಪ್ರಕೃತಿಯ ನಾಶವು ರಂಗದ ಹಿಂದಿನ ಪರದೆ ಮಾತ್ರ. ಅದನ್ನು ಓದಿದ ಬಾಲಕನು ತಪ್ಪು ಬೇರೆಯವನದೆಂದು ನಿಶ್ಚಿಂತನಾಗುತ್ತಾನೆ. ಕಡಲು ಕೊನೆಯವರೆಗೂ ಕಡಲಾಗಿಯೇ ಉಳಿದು, ನಾಯಕನ ಆಯ್ಕೆಯೊಂದೇ ಬೆಳಕಾಗಿ ನಿಲ್ಲುವ ಕಥೆಯು ಆ ನಿಶ್ಚಿಂತೆಯನ್ನು ಓದುಗನಿಗೆ ಕೊಡುವುದಿಲ್ಲ.